ಸುಣ್ಣಕಲ್ಲಿನ ಸೀಮೆಯಲ್ಲಿ ಕಾರಿನ ಗಾಜು: ನೀರಿನ ಕಲೆ ತೆಗೆಯುವ ಕ್ರಮ

ಸೇಡಂ, ಚಿತ್ತಾಪುರ, ವಾಡಿ ಮತ್ತು ಶಹಾಬಾದ್ ಪರಿಸರದ ನೆಲದಡಿ ಪದರಪದರವಾಗಿ ಹರಡಿರುವ ಸುಣ್ಣಕಲ್ಲೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಸುತ್ತ ಸಿಮೆಂಟ್ ಕಾರ್ಖಾನೆಗಳು ನೆಲೆಗೊಳ್ಳಲು ಕಾರಣವಾಗಿದ್ದು, ಅಲ್ಲಿನ ಕೊಳವೆಬಾವಿಗಳ ನೀರು ಗಡಸಾಗುವುದಕ್ಕೂ ಅದೇ ಮೂಲವಾಗಿದೆ. ಗಾಳಿ ಮತ್ತು ಮಣ್ಣಿನಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕೊಂಚ ಆಮ್ಲೀಯವಾಗುವ ಮಳೆನೀರು ಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತ ಕ್ಯಾಲ್ಸಿಯಂ ಅಂಶವನ್ನು ಬೈಕಾರ್ಬೊನೇಟ್ ರೂಪದಲ್ಲಿ ಕರಗಿಸಿಕೊಳ್ಳುತ್ತದೆ. ಅದೇ ನೀರಿನ ಹನಿ ಬಿಸಿಲಿಗೆ ಕಾದ ಗಾಜಿನ ಮೇಲೆ ಆವಿಯಾದಾಗ ಆ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಮರಳಿ ಗಟ್ಟಿಗೊಳ್ಳುತ್ತದೆ. ಅಂದರೆ ಮುಂಗಾಜಿನ ಮೇಲಿನ ಬಿಳಿ ಉಂಗುರವೂ ಅಂಗಳಕ್ಕೆ ಹಾಸಿದ ಶಹಾಬಾದಿ ಪರಸಿಯೂ ಬಹುಪಾಲು ಒಂದೇ ಪದಾರ್ಥ. ಭಾರತೀಯ ಮಾನಕವಾದ ಐಎಸ್ 10500 ಕುಡಿಯುವ ನೀರಿನ ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಮೀರದಿರುವುದು ಒಳಿತೆಂದೂ, ಬೇರೆ ಮೂಲವಿಲ್ಲದಿದ್ದಲ್ಲಿ 600ರವರೆಗೆ ಒಪ್ಪಬಹುದೆಂದೂ ಹೇಳುತ್ತದೆ. ಆದರೆ ಕುಡಿಯಲು ಅಡ್ಡಿಯಿಲ್ಲದ ಈ ನೀರೂ ಗಾಜಿನ ಮೇಲೆ ಕಲೆ ಉಳಿಸದೆ ಬಿಡದು. ಚಿಂಚೋಳಿಯ ಕಡೆ ನೆಲ ಕಪ್ಪುಶಿಲೆಗೂ ಜಂಬಿಟ್ಟಿಗೆಗೂ ತಿರುಗುವುದರಿಂದ ನೀರಿನ ಗುಣ ಬೇರೆಯಾದರೂ ಕಲೆ ತೆಗೆಯುವ ಕ್ರಮ ಬದಲಾಗುವುದಿಲ್ಲ.

ಕಲೆ ಯಾವ ಬಗೆಯದೆಂದು ತಿಳಿಯದೆ ಬ್ಲೇಡನ್ನೋ ಆಸಿಡ್ಡನ್ನೋ ಕೈಗೆತ್ತಿಕೊಳ್ಳುವುದೇ ಈ ಕೆಲಸದಲ್ಲಿ ಹೆಚ್ಚು ಹಾನಿಗೆ ಕಾರಣವಾಗುತ್ತದೆ. ಗಾಜನ್ನು ತೊಳೆದು ಒರೆಸಿದ ಮೇಲೆ ಕಲೆಯ ಮೇಲೆ ಉಗುರಾಡಿಸಿದಾಗ ತರಿತರಿಯಾಗಿ ತಗುಲಿ, ಒಂದು ಹನಿ ವಿನೆಗರ್ ಹಾಕಿದಾಗ ಸಣ್ಣ ಗುಳ್ಳೆಗಳೆದ್ದರೆ ಅದು ಸುಣ್ಣದ ಕಲೆ. ಬೂದುಬಣ್ಣದ ಒರಟು ಪೊರೆಯಂತಿದ್ದು ಗುಳ್ಳೆ ಕಡಿಮೆಯಿದ್ದರೆ, ಇಬ್ಬನಿಯಲ್ಲಿ ನೆನೆದು ಗಟ್ಟಿಯಾದ ಸಿಮೆಂಟ್ ದೂಳಿರುವ ಸಂಭವವೇ ಹೆಚ್ಚು. ಉಗುರಿಗೆ ನುಣುಪಾಗಿಯೇ ತೋರಿ ಕಣ್ಣಿಗೆ ಮಾತ್ರ ಕಲೆ ಕಂಡರೆ ಗಾಜಿನ ಮೇಲ್ಮೈಯೇ ಸವೆದಿದೆ ಎಂದರ್ಥ. ಅಂಥದ್ದಕ್ಕೆ ಯಾವ ಹುಳಿಯೂ ಉಪಯೋಗಕ್ಕೆ ಬಾರದು.

ಸುಣ್ಣದ ಕಲೆಗೆ ಸೌಮ್ಯ ಆಮ್ಲ ಸಾಕು. ಅಡುಗೆಯ ವಿನೆಗರನ್ನು ನೀರು ಬೆರೆಸದೆ ಬಳಸಬಹುದು, ಇಲ್ಲವೇ ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಮ್ಲದ ಹರಳನ್ನು, ಲೀಟರ್ ನೀರಿಗೆ 50 ಗ್ರಾಂನಂತೆ ಕರಗಿಸಿಕೊಳ್ಳಬಹುದು. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಗಾಜು ತಣ್ಣಗಾದ ಮೇಲೆಯೇ ಕೆಲಸ ಆರಂಭಿಸಬೇಕು. ಆದರೆ ಪರಸಿ ಹಾಸಿದ ಅಂಗಳದಲ್ಲಿ ನಿಲ್ಲಿಸಬಾರದು, ಏಕೆಂದರೆ ಗಾಜಿನ ಸುಣ್ಣವನ್ನು ಕರಗಿಸುವ ಆಮ್ಲ ನೆಲದ ಕಲ್ಲನ್ನೂ ತಿಂದು ಹೊಳಪು ಕೆಡಿಸುತ್ತದೆ. ಮೊದಲು ದೂಳನ್ನು ಧಾರಾಳ ನೀರಿನಿಂದ ಇಳಿಸಿ, ಕಾರಿನ ಶಾಂಪೂವಿನಿಂದ ತೊಳೆಯಬೇಕು. ಬಟ್ಟೆ ಒಗೆಯುವ ಸಾಬೂನು ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಕೂಡಿ ಅಂಟು ಕೆನೆಯಾಗುವುದರಿಂದ ಅದು ಇಲ್ಲಿ ಸಲ್ಲದು. ಬಳಿಕ ಬಾನೆಟ್ಟಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಆಮ್ಲದಲ್ಲಿ ಅದ್ದಿದ ಹತ್ತಿಬಟ್ಟೆಯನ್ನು ಕಲೆಯ ಮೇಲೆ ಅಂಟಿಸಿದಂತೆ ಹರಡಿ, ಒಣಗದಂತೆ ಆಗಾಗ ತೇವಗೊಳಿಸುತ್ತ 5ರಿಂದ 10 ನಿಮಿಷ ಬಿಡಬೇಕು. ಕೊನೆಗೆ ಮೃದುವಾದ ಮೈಕ್ರೋಫೈಬರ್ ಬಟ್ಟೆಯಿಂದ ಉಜ್ಜಿ ತೊಳೆಯಬೇಕು. ಹಳೆಯ ಕಲೆ ಒಂದೇ ಸಲಕ್ಕೆ ಹೋಗದಿದ್ದರೆ ಆಮ್ಲದ ಪ್ರಮಾಣ ಏರಿಸುವುದಕ್ಕಿಂತ ಇದೇ ಕ್ರಮವನ್ನು ಮತ್ತೆ ಅನುಸರಿಸುವುದು ಲೇಸು. ಶೌಚಾಲಯ ತೊಳೆಯುವ ದ್ರವದಲ್ಲಿ ಸಾಮಾನ್ಯವಾಗಿ ಇರುವ ಹೈಡ್ರೋಕ್ಲೋರಿಕ್ ಆಮ್ಲವು ಬಣ್ಣವನ್ನೂ ಲೋಹವನ್ನೂ ಕೆಡಿಸುತ್ತದೆ. ಯಾವ ಆಮ್ಲವನ್ನಾದರೂ ಬ್ಲೀಚಿನೊಡನೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.

ಸಿಮೆಂಟ್ ದೂಳಿನ ವಿಷಯದಲ್ಲಿ ಹೆಚ್ಚು ತಾಳ್ಮೆ ಬೇಕು. ನೀರು ತಾಗಿದ ಸಿಮೆಂಟ್ ಗಟ್ಟಿಯಾಗುವಾಗ ಸುಣ್ಣದ ಜೊತೆಗೆ ಸಿಲಿಕೇಟ್ ಬಂಧವೂ ಏರ್ಪಡುವುದರಿಂದ ಆಮ್ಲವು ಪೊರೆಯನ್ನು ಸಡಿಲಗೊಳಿಸುತ್ತದೆಯೇ ಹೊರತು ಪೂರ್ಣವಾಗಿ ಕರಗಿಸುವುದಿಲ್ಲ. ಉಳಿದ ಪೊರೆಯನ್ನು ಕಾರಿನ ಅಲಂಕಾರ ಸಾಮಗ್ರಿಯ ಅಂಗಡಿಗಳಲ್ಲಿ ದೊರೆಯುವ ಕ್ಲೇ ಬಾರ್ ಎಂಬ ಜೇಡಿಯಂಥ ಉಂಡೆಯಿಂದ, ಗಾಜಿಗೆ ಶಾಂಪೂ ನೀರು ಹಾಯಿಸುತ್ತ, ಹಗುರವಾಗಿ ತೀಡಿ ಎಬ್ಬಿಸಬೇಕು. ಕಲ್ಲುಲಾರಿಗಳು ಓಡಾಡುವ ರಸ್ತೆಯಿಂದ ಬಂದ ಕಾರಿನ ಒಣಗಾಜಿನ ಮೇಲೆ ವೈಪರ್ ಓಡಿಸುವುದು ಮಾತ್ರ ಎಂದಿಗೂ ಬೇಡ. ದೂಳಿನಲ್ಲಿರುವ ಸ್ಫಟಿಕದ ಮರಳುಕಣ ಗಾಜಿಗಿಂತ ಗಡಸಾಗಿರುವುದರಿಂದ ಒಂದೇ ಎಳೆತಕ್ಕೆ ಬಿಲ್ಲಿನಾಕಾರದ ಗೀರು ಮೂಡಬಹುದು.

ಸವೆದ ಗಾಜಿಗೆ ಉಳಿಯುವ ದಾರಿ ಮೆರುಗು ಹಚ್ಚುವುದು. ಕನ್ನಡಕದ ಮಸೂರಗಳಿಗೆ ಹೊಳಪು ಕೊಡಲು ಬಳಸುವ ಸೀರಿಯಂ ಆಕ್ಸೈಡ್ ಪುಡಿಯನ್ನು ನೀರಿನಲ್ಲಿ ಕಲಸಿ, ಉಣ್ಣೆಯ ಪ್ಯಾಡಿನಿಂದ, ಗಾಜು ಒಣಗದಂತೆಯೂ ಬಿಸಿಯಾಗದಂತೆಯೂ ನೋಡಿಕೊಂಡು ತೀಡಬೇಕು. ಆದರೆ ಚಾಲಕನ ಕಣ್ಣೆದುರಿನ ಭಾಗವನ್ನು ಒಂದೇ ಕಡೆ ಹೆಚ್ಚು ತೀಡಿದರೆ ನೋಟ ಅಂಕುಡೊಂಕಾಗುವುದರಿಂದ ಮುಂಗಾಜಿನ ಮಟ್ಟಿಗೆ ಇದನ್ನು ಅನುಭವಿಗಳಿಗೆ ಬಿಡುವುದು ಒಳಿತು. ತೀಡಿದ ಮೇಲೂ ಎದುರು ವಾಹನದ ಬೆಳಕು ರಾತ್ರಿ ಚದುರಿ ಕಾಣುತ್ತಿದ್ದರೆ ಗಾಜು ಬದಲಿಸುವುದೇ ಸರಿ.

ಇಷ್ಟೆಲ್ಲ ಮಾಡಿಯೂ ಕೊನೆಯಲ್ಲಿ ಅದೇ ಕೊಳವೆಬಾವಿಯ ನೀರು ಹೊಯ್ದು ಒಣಗಲು ಬಿಟ್ಟರೆ ಕಲೆ ಮತ್ತೆ ಮೂಡುತ್ತದೆ. ಕಡೆಯ ತೊಳೆತಕ್ಕೆ ಸಂಗ್ರಹಿಸಿದ ಮಳೆನೀರು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಥವಾ ಮನೆಯ ಎಸಿಯಿಂದ ತೊಟ್ಟಿಕ್ಕುವ ನೀರು ಉತ್ತಮ, ಅವು ಸಿಗದಿದ್ದರೆ ಕೂಡಲೇ ಒಣಬಟ್ಟೆಯಿಂದ ಒರೆಸಬೇಕು. ಆರ್‌ಒ ಯಂತ್ರ ಹೊರಚೆಲ್ಲುವ ನೀರಿನಿಂದ ಕಾರು ತೊಳೆಯುವ ರೂಢಿ ನೀರುಳಿತಾಯದ ದೃಷ್ಟಿಯಿಂದ ಮೆಚ್ಚುವಂತಿದ್ದರೂ, ಬೇರ್ಪಟ್ಟ ಲವಣಗಳೆಲ್ಲ ಆ ನೀರಿನಲ್ಲೇ ಸೇರಿರುವುದರಿಂದ ಗಾಜಿನ ಮಟ್ಟಿಗೆ ಅದು ಕೊಳವೆಬಾವಿಯ ನೀರಿಗಿಂತಲೂ ಕೆಟ್ಟದ್ದು. ವೈಪರಿಗೆ ನೀರು ಚಿಮ್ಮಿಸುವ ತೊಟ್ಟಿಗೂ ಗಡಸು ನೀರು ತುಂಬಬಾರದು; ಅದರ ಸುಣ್ಣ ಚಿಮ್ಮುಗೊಳವೆಯ ಸಣ್ಣ ತೂತಿನಲ್ಲಿ ಕಟ್ಟಿಕೊಂಡು, ಗಾಜು ಒರೆಸಬೇಕಾದ ಹೊತ್ತಿನಲ್ಲಿ ನೀರೇ ಬಾರದಂತಾಗುತ್ತದೆ.