ಕಾಲು ಸೆಕೆಂಡಿನ ಕಾಂತ

ಮಕ್ಕಳೇ, ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿ ಗೋಗಿ ಎಂಬ ಊರಿದೆ. ಯಾದಗಿರಿ, ಸುರಪುರದ ಕಡೆಯ ನಿಮಗೂ ಈ ಹೆಸರು ಗೊತ್ತಿರಬಹುದು. ಇಲ್ಲಿ ನೆಲದ ಆಳದ ಬಂಡೆಗಳಲ್ಲಿ ಯುರೇನಿಯಂ ಅದಿರು ಇರುವುದನ್ನು ಭಾರತ ಸರ್ಕಾರದ ಪರಮಾಣು ಖನಿಜ ನಿರ್ದೇಶನಾಲಯ ಪತ್ತೆ ಮಾಡಿದೆ. ಈ ಯುರೇನಿಯಂನಿಂದ ಒಂದು ವಿಚಿತ್ರ ಕಾಂತವನ್ನು ಪಡೆಯಬಹುದು. ಹೇಗೆ? ನೋಡೋಣ.

ನ್ಯೂಟ್ರಾನ್ ಹೆಚ್ಚಾದಾಗ

ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇರುತ್ತದೆ. ಯುರೇನಿಯಂ ನ್ಯೂಕ್ಲಿಯಸ್‌ನಲ್ಲಿ 92 ಪ್ರೋಟಾನ್‌ಗಳಿವೆ. ನ್ಯೂಟ್ರಾನ್‌ಗಳು ಸಾಮಾನ್ಯವಾಗಿ 146. ವೇಗವಾದ ಪ್ರೋಟಾನ್‌ಗಳಿಂದ ಹೊಡೆದರೆ ಅದು ಚೂರಾಗುತ್ತದೆ. ಕೆಲವು ಚೂರುಗಳಲ್ಲಿ ನ್ಯೂಟ್ರಾನ್‌ಗಳು ಅತಿಯಾಗಿ ಉಳಿಯುತ್ತವೆ.

ಪ್ರಕೃತಿಯಲ್ಲಿ ಸಿಗುವ ಮೆಗ್ನೀಸಿಯಂನಲ್ಲಿ 12 ಪ್ರೋಟಾನ್‌ಗಳ ಜೊತೆ 12, 13 ಅಥವಾ 14 ನ್ಯೂಟ್ರಾನ್‌ಗಳಿರುತ್ತವೆ. ಮೇಲಿನ ಚೂರುಗಳಲ್ಲಿ ಸಿಗುವ ಮೆಗ್ನೀಸಿಯಂ-31ರಲ್ಲಿ ಮಾತ್ರ 19! ಇದು ಬಹಳ ಹೊತ್ತು ಬಾಳುವುದಿಲ್ಲ. ಸುಮಾರು ಕಾಲು ಸೆಕೆಂಡಿನಲ್ಲಿ ಅರ್ಧದಷ್ಟು ಬೇರೆ ಧಾತುವಾಗಿಬಿಡುತ್ತದೆ. ಈ ನ್ಯೂಕ್ಲಿಯಸ್ ಒಂದು ಪುಟ್ಟ ಕಾಂತವೂ ಹೌದು. ಅದರ ಕಾಂತಬಲ ತಿಳಿದರೆ, ಒಳಗೆ ಕಣಗಳು ಹೇಗೆ ಜೋಡಣೆಯಾಗಿವೆ ಎಂದು ಊಹಿಸಬಹುದು. ಆದರೆ ಕಾಲು ಸೆಕೆಂಡಿನಲ್ಲಿ ಅಳೆಯುವುದು ಹೇಗೆ?

ಮಾಡಿ ನೋಡಿ

ದಂಡಕಾಂತವೊಂದನ್ನು ದಾರದಿಂದ ಅಡ್ಡಲಾಗಿ ತೂಗುಬಿಡಿ. ಅದು ಉತ್ತರ-ದಕ್ಷಿಣಕ್ಕೆ ನಿಂತ ಮೇಲೆ ಸ್ವಲ್ಪ ತಿರುಗಿಸಿ ಬಿಡಿ. ಅರ್ಧ ನಿಮಿಷದಲ್ಲಿ ಎಷ್ಟು ಸಲ ತೂಗಿತು ಎಣಿಸಿ. ಈಗ ಇನ್ನೊಂದು ಕಾಂತವನ್ನು ಉತ್ತರ ದಿಕ್ಕಿನಲ್ಲಿ, ಸ್ವಲ್ಪ ದೂರದಲ್ಲಿ ಇಡಿ. ಅದರ ದಕ್ಷಿಣ ಧ್ರುವ ತೂಗುವ ಕಾಂತದ ಕಡೆಗಿರಲಿ. ಮತ್ತೆ ಎಣಿಸಿ. ಈ ಸಲ ಬೇಗ ಬೇಗ ತೂಗುತ್ತದೆ. ಅಂದರೆ, ತೂಗುವ ವೇಗ ನೋಡಿ ಬಲವನ್ನು ತಿಳಿಯಬಹುದು.

ವಿಜ್ಞಾನಿಗಳ ಉಪಾಯ

ಜಿನೀವಾ ನಗರದ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಐಸೋಲ್ಡ್ ಎಂಬ ವಿಭಾಗವಿದೆ. ಅಲ್ಲಿ ಮೆಗ್ನೀಸಿಯಂ-31ರ ಪುಟ್ಟ ಕಾಂತಗಳನ್ನು ಲೇಸರ್ ಬೆಳಕಿನಿಂದ ಒಂದೇ ದಿಕ್ಕಿಗೆ ತಿರುಗಿಸಿ, ದೊಡ್ಡ ಕಾಂತದ ನಡುವೆ ಇಟ್ಟ ಹರಳಿನೊಳಗೆ ಕಳಿಸಿದರು. ನ್ಯೂಕ್ಲಿಯಸ್ ಗಿರಗಿರನೆ ತಿರುಗುವ ಬುಗುರಿಯಂತೆ. ಹಾಗಾಗಿ ಅದು ಆಚೀಚೆ ತೂಗದೆ, ವಾಲಿದ ಬುಗುರಿಯ ತಲೆಯಂತೆ ಸುತ್ತುತ್ತದೆ.

ಪ್ರತಿ ನ್ಯೂಕ್ಲಿಯಸ್ ಬದಲಾಗುವಾಗ ಒಂದು ಎಲೆಕ್ಟ್ರಾನ್ ಹೊರಬರುತ್ತದೆ. ಎಲ್ಲ ಕಾಂತಗಳೂ ಒಂದೇ ದಿಕ್ಕಿಗಿದ್ದರೆ ಎಲೆಕ್ಟ್ರಾನ್‌ಗಳು ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ಬರುತ್ತವೆ. ಆಗ ರೇಡಿಯೋ ಅಲೆಗಳನ್ನು ಹಾಯಿಸಿ, ಅವುಗಳ ಕಂಪನವನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಹೋದರು. ಕಂಪನವು ನ್ಯೂಕ್ಲಿಯಸ್ ಸುತ್ತುವ ವೇಗಕ್ಕೆ ಸರಿಹೊಂದಿದ ಕೂಡಲೇ ಕಾಂತಗಳ ದಿಕ್ಕು ಕೆಟ್ಟು, ಎರಡೂ ಬದಿಯ ವ್ಯತ್ಯಾಸ ಕಡಿಮೆಯಾಯಿತು. ಅದೇ ಉತ್ತರ! ನ್ಯೂಕ್ಲಿಯಸ್ ತಾನು ಅಳಿಯುವ ಗಳಿಗೆಯಲ್ಲೇ ತನ್ನ ಗುಟ್ಟನ್ನು ಹೇಳಿತು.

ಗೊತ್ತಾದದ್ದೇನು?

20 ನ್ಯೂಟ್ರಾನ್‌ಗಳಿರುವ ನ್ಯೂಕ್ಲಿಯಸ್, ಮತ್ತು ಅದರ ಆಸುಪಾಸಿನವು, ಹೆಚ್ಚುಕಡಿಮೆ ಚೆಂಡಿನಂತೆ ಗುಂಡಗಿರಬೇಕೆಂಬುದು ಹಳೆಯ ನಿಯಮ. 2005ರಲ್ಲಿ ಪ್ರಕಟವಾದ ಈ ಅಳತೆಯ ಪ್ರಕಾರ ಮೆಗ್ನೀಸಿಯಂ-31 ಗುಂಡಗಿಲ್ಲ, ಉದ್ದಕ್ಕೆ ಎಳೆದಂತಿದೆ. ನ್ಯೂಟ್ರಾನ್ ಅತಿಯಾದ ಕಡೆ ಹಳೆಯ ನಿಯಮ ನಡೆಯಲಿಲ್ಲ. ಪುಸ್ತಕದಲ್ಲಿರುವ ನಿಯಮವನ್ನೂ ಅಳೆದು ನೋಡಬೇಕು ಎಂಬುದೇ ವಿಜ್ಞಾನದ ಪಾಠ.

ಯೋಚಿಸಿ

1. ಮೆಗ್ನೀಸಿಯಂ-31 ಎಂಬ ಹೆಸರಿನಲ್ಲಿ 31 ಎಲ್ಲಿಂದ ಬಂತು?
2. 1000 ಮೆಗ್ನೀಸಿಯಂ-31 ನ್ಯೂಕ್ಲಿಯಸ್‌ಗಳಿದ್ದರೆ ಅರ್ಧ ಸೆಕೆಂಡಿನ ನಂತರ ಸುಮಾರು ಎಷ್ಟು ಉಳಿಯುತ್ತವೆ?