ತಂಗಡಿಯನ್ನು ಗುರುತಿಸುವ ಬಗೆ

ಮಳೆ ಹಿಂದೆಗೆದು ಬತುಕಮ್ಮ ಹಬ್ಬವು ಸಮೀಪಿಸಿತೆಂದರೆ ಮನೂರು, ನಾರಾಯಣಖೇಡಗಳ ಸುತ್ತಣ ಕಲ್ಲುನೆಲವು ಅಲ್ಲಲ್ಲಿ ಹಳದಿಯಾಗಿ ತೋರುವುದು. ಆ ಹಳದಿಯಲ್ಲಿ ಬಹುಪಾಲು ತಂಗಡಿಯದು. ತೆಲುಗರು ಇದನ್ನು ತಂಗೇಡು ಎನ್ನುವರು. ಮರಾಠಿಗರಿಗೆ ತರವಡ, ಮೈಸೂರಿನ ಕಡೆಯವರಿಗೆ ಆವರಿಕೆ. 1956ರವರೆಗೆ ನಮ್ಮ ಸೀಮೆಯು ಬೀದರ ಜಿಲ್ಲೆಗೆ ಸೇರಿದ್ದುದರಿಂದ ಈ ಹೆಸರುಗಳೆಲ್ಲ ಇಲ್ಲಿಯ ಕಿವಿಗೆ ಪರಿಚಿತವೇ. 2014ರಲ್ಲಿ ತೆಲಂಗಾಣವು ಇದನ್ನು ತನ್ನ ರಾಜ್ಯಪುಷ್ಪವಾಗಿ ಆರಿಸಿಕೊಂಡಿತು.

ಆದರೆ ಹಳದಿ ಹೂವೆಲ್ಲ ತಂಗಡಿಯಲ್ಲ. ಕಕ್ಕೆಯು ಮರ, ಅದರ ಹೂಗೊಂಚಲು ಜೋತುಬೀಳುವುದು. ತಗಚೆಗೆ ಮೂರೇ ಜೊತೆ ಕಿರುಎಲೆಗಳು. ಇವುಗಳಲ್ಲಿ ಮೋಸವಿಲ್ಲ. ಮೋಸಹೋಗುವುದು ಬೇಲಿಯ ಬದಿಯಲ್ಲಿಯೂ ತಿಪ್ಪೆಯ ನೆರೆಯಲ್ಲಿಯೂ ಬೆಳೆಯುವ, ಅಮೆರಿಕದಿಂದ ಬಂದ ಕಾಸಮರ್ದದಲ್ಲಿ. ಅದಕ್ಕೂ ಐದು ಹಳದಿ ಎಸಳುಗಳುಂಟು. ಆದುದರಿಂದ ಹೂವನ್ನು ನಂಬದೆ ಎಲೆಯ ಬುಡವನ್ನು ನೋಡತಕ್ಕದ್ದು.

ತಂಗಡಿಯ ಎಲೆಯು ಕಾಂಡವನ್ನು ಸೇರುವಲ್ಲಿ ಇಕ್ಕೆಲದಲ್ಲಿಯೂ ಕಿವಿಯಂತೆ ದುಂಡಾದ ಹಸುರು ಪುಚ್ಛಪತ್ರಗಳಿರುವುವು. ಅವು ಬೇಗನೆ ಉದುರುವುದಿಲ್ಲ. 1753ರಲ್ಲಿ ಲಿನೇಯಸನು ಈ ಗಿಡಕ್ಕೆ 'ಔರಿಕ್ಯುಲೇಟಾ', ಎಂದರೆ ಕಿವಿಯುಳ್ಳದ್ದು, ಎಂದು ಹೆಸರಿಟ್ಟನು. ಕಿರುಎಲೆಗಳು ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಜೊತೆ, ತುದಿ ದುಂಡು. ಪ್ರತಿ ಜೊತೆಯ ನಡುವೆಯೂ ಕಡ್ಡಿಯಂತಹ ಸಣ್ಣ ಗ್ರಂಥಿಯೊಂದುಂಟು. ಕಾಸಮರ್ದಕ್ಕಾದರೋ ಮೂರರಿಂದ ಐದು ಜೊತೆ, ತುದಿ ಚೂಪು. ತೊಟ್ಟಿನ ಬುಡದಲ್ಲಿ ಒಂದೇ ಗ್ರಂಥಿ. ಎಲೆಯನ್ನು ಹೊಸಕಿದರೆ ದುರ್ಗಂಧ. ಕಾಯಿಯಲ್ಲಿಯೂ ಭೇದವುಂಟು: ತಂಗಡಿಯದು ಕಾಗದದಂತೆ ತೆಳುವಾಗಿ ಚಪ್ಪಟೆ, ಅದರದು ತುಸು ಮೇಲಕ್ಕೆ ಬಾಗಿದ ಕೋಡು.

ತಂಗಡಿಯ ಹೂವಿನಲ್ಲಿ ಮಕರಂದವಿಲ್ಲ. ಹತ್ತು ಕೇಸರಗಳಲ್ಲಿ ಮೇಲಿನ ಮೂರು ಬಂಜೆ. ಉಳಿದವುಗಳ ಪರಾಗವು ತುದಿಯ ರಂಧ್ರದಿಂದಲೇ ಹೊರಬೀಳಬೇಕು. ದುಂಬಿಯು ಹೂವನ್ನು ತಬ್ಬಿ ಗುಂಯ್‌ಗುಟ್ಟಿ ಅದನ್ನು ಉದುರಿಸಿಕೊಳ್ಳುವುದು. ಇದನ್ನು ಮುಂಜಾನೆ ನಿಂತು ನೋಡಿದವರಿಗೆ ಪಾಠಪುಸ್ತಕದ ಚಿತ್ರವು ಬಹು ಸಪ್ಪೆಯಾಗಿ ಕಾಣುವುದು.

ಇಷ್ಟೊಂದು ಸೂಕ್ಷ್ಮವೇಕೆ ಎಂದು ಕೇಳಬಹುದು. ಪಶ್ಚಿಮ ಉತ್ತರಪ್ರದೇಶದಲ್ಲಿ ಚಿಕ್ಕ ಮಕ್ಕಳು ಹಠಾತ್ತನೆ ಪ್ರಜ್ಞೆತಪ್ಪಿ ಸಾಯುತ್ತಿದ್ದುದನ್ನು ಅನೇಕ ವರ್ಷ ಮೆದುಳುಜ್ವರವೆಂದೇ ಎಣಿಸಿದ್ದರು. ವಿಪಿನ್ ವಶಿಷ್ಠ, ಜೇಕಬ್ ಜಾನ್ ಮೊದಲಾದ ವೈದ್ಯರು 2007ರಲ್ಲಿ ಅದರ ಕಾರಣವನ್ನು ಪ್ರಕಟಿಸಿದರು: ಮಕ್ಕಳು ಆಟದಲ್ಲಿ ತಿಂದ ಕಾಸಮರ್ದದ ಬೀಜಗಳು ಮೆದುಳು, ಯಕೃತ್ತು, ಸ್ನಾಯುಗಳನ್ನು ಕೆಡಿಸಿದ್ದುವು. ಆ ಗಿಡವು ನಮ್ಮ ಊರುಗಳ ಬೇಲಿಗಳಲ್ಲಿಯೂ ಉಂಟು. ಅದರ ಎಲೆಯ ಬುಡದಲ್ಲಿ ಕಿವಿಯಿಲ್ಲ.