ಸರ್ವೀಸ್ ಆದ ಮರುದಿನ ಮೆಷಿನ್ ಕಿರುಚಿದರೆ



ಕಳೆದ ತಿಂಗಳು ಒಂದು ಬೆಳಿಗ್ಗೆ ನಮ್ಮ ಶಿಬಿರ ಕಚೇರಿಗೆ ಸೇರಿದ ಹಳ್ಳಿಯೊಂದರಿಂದ ಫೋನ್ ಬಂತು. "ಡಾಕ್ಟ್ರೇ, ಗೌರಿಗೆ ಕೆಚ್ಚಲು ಬಾವು ಬಂದಿರ್ಬೇಕು. ಕ್ಲಸ್ಟರ್ ಹಾಕಿದ್ರೆ ಒದೀತಾಳೆ. ಒಂಬತ್ತು ಲೀಟರ್ ಕೊಡೋಳು ಇವತ್ತು ಐದಕ್ಕೇ ನಿಂತ್ಳು."

ಹೋಗಿ ನೋಡಿದೆ. ಜ್ವರ ಇಲ್ಲ, ಮೇವು ಬಿಟ್ಟಿಲ್ಲ, ಕೆಚ್ಚಲು ಮೃದುವಾಗಿದೆ. ಸಿ.ಎಂ.ಟಿ. ಪರೀಕ್ಷೆಯಲ್ಲಿ ನಾಲ್ಕೂ ತೊಟ್ಟಿನ ಹಾಲು ಚೆನ್ನಾಗಿಯೇ ಇತ್ತು. ಆದರೆ ತೊಟ್ಟುಗಳ ತುದಿ ಕೆಂಪಾಗಿತ್ತು, ಬುಡದಲ್ಲಿ ಉಂಗುರ ಒತ್ತಿದಂಥ ಗುರುತು. "ಮೆಷಿನ್ ಹಾಕಿ ತೋರಿಸಿ ಅಕ್ಕ" ಎಂದೆ. ಸ್ವಿಚ್ ಒತ್ತಿದ ಕೂಡಲೇ ಅದು 'ಕಿರ್ರ್' ಎಂದು ಕಿರುಚಿತು, ಆಮೇಲೆ 'ಟಕಟಕ' ಎಂದು ಹೊಡೆಯತೊಡಗಿತು. ಕೊಟ್ಟಿಗೆಯಲ್ಲಿದ್ದ ಮೂರು ಹಸುಗಳೂ ಒಟ್ಟಿಗೆ ತಲೆ ಎತ್ತಿದವು.

ಹಿಂದಿನ ಮಧ್ಯಾಹ್ನ ಸರ್ವೀಸ್ ಆಗಿತ್ತಂತೆ. ಕರೆಂಟ್ ಇಲ್ಲದ ಕಾರಣ ಮೆಕ್ಯಾನಿಕ್ ಓಡಿಸಿ ನೋಡದೆ ಹೊರಟುಹೋಗಿದ್ದ. ಸಂಜೆಯೂ ಕರೆಂಟ್ ಬಾರದೆ ಕೈಯಲ್ಲೇ ಕರೆದಿದ್ದರು. ಹಾಗಾಗಿ ಮೆಷಿನ್ ಹೇಗಿದೆ ಎಂಬುದು ಮೊದಲು ತಿಳಿದದ್ದು ಗೌರಿಗೆ.

ಹಸುವಿನ ಕಿವಿ ನಮ್ಮ ಕಿವಿಗಿಂತ ಚುರುಕು. ನಮಗೆ ಕೇಳಿಸದಷ್ಟು ಕೀರಲು ಸದ್ದೂ ಅದಕ್ಕೆ ಕೇಳಿಸುತ್ತದೆ. ಹಾಲು ಕರೆಯುವ ಹೊತ್ತಿಗೆ ಬೆದರಿದರೆ ಅದರ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ತೊರೆ ಬಿಡಿಸುವ ಆಕ್ಸಿಟೋಸಿನ್ ಕೆಲಸ ಆಗ ನಿಂತುಹೋಗುತ್ತದೆ. ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಹಾಗೆ ದಿನವೂ ಉಳಿದರೆ ಇವತ್ತು ಇಲ್ಲದ ಕೆಚ್ಚಲು ಬಾವು ನಾಳೆ ನಿಜವಾಗಿಯೂ ಬರಬಹುದು. ಅದಕ್ಕೇ, ಹೊಸ ಸದ್ದು ಕೇಳಿದರೆ 'ಸರ್ವೀಸ್ ಆಗಿದೆಯಲ್ಲ, ಸರಿಹೋಗುತ್ತೆ' ಎಂದು ಸುಮ್ಮನಿರಬೇಡಿ. ನಿನ್ನೆವರೆಗೆ ಸರಿಯಾಗಿ ಓಡುತ್ತಿದ್ದ ಮೆಷಿನ್ ಇವತ್ತು ಕೂಗುತ್ತಿದ್ದರೆ, ನಿನ್ನೆ ಕೈ ಹಾಕಿದ ಜಾಗದಲ್ಲೇ ಮೊದಲು ಹುಡುಕಬೇಕು.

ಅಲ್ಲಿ ನಾನು ಮಾಡಿದ್ದೂ ಅದನ್ನೇ. "ಏನೇನು ಬಿಚ್ಚಿದ ಅಕ್ಕ?" ಎಂದು ಕೇಳಿದೆ. ಬೆಲ್ಟ್ ಹೊಸದು ಹಾಕಿದ್ದ. ಪಂಪನ್ನು ಸೀಮೆಎಣ್ಣೆ ಹಾಕಿ ತೊಳೆದಿದ್ದ. ರೆಗ್ಯುಲೇಟರ್ ಬಿಚ್ಚಿ ಧೂಳು ತೆಗೆದಿದ್ದ.

ಮೊದಲು ಮೆಷಿನ್ ಆಫ್ ಮಾಡಿ ಪ್ಲಗ್ ಕಿತ್ತೆವು. ಇದನ್ನು ಮಾತ್ರ ಎಂದೂ ಮರೆಯಬೇಡಿ. ಸೆರಗು ಸಿಕ್ಕಿಸಿಕೊಳ್ಳಿ, ಜಡೆ ಎತ್ತಿ ಕಟ್ಟಿಕೊಳ್ಳಿ. ಬೆಲ್ಟಿನ ಮೇಲಿನ ಜಾಲರಿ ಇಲ್ಲದೆ ಒಂದು ನಿಮಿಷವೂ ಓಡಿಸಬೇಡಿ.

'ಕಿರ್ರ್' ಸದ್ದು ಬೆಲ್ಟಿನದು. ಎರಡು ಪುಲ್ಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ತಗ್ಗಬೇಕು. ಅಲ್ಲಿ ಒಂದೂವರೆ ಇಂಚು ತಗ್ಗಿತು. ಸಡಿಲ ಬೆಲ್ಟ್ ಶುರುವಿನಲ್ಲಿ ಜಾರಿ ಕಿರುಚುತ್ತದೆ. ಹಾಗೆಂದು ತಂತಿಯ ಹಾಗೆ ಬಿಗಿದರೆ ಬೇರಿಂಗ್ ಹಾಳಾಗುತ್ತದೆ. ಹೊಸ ಬೆಲ್ಟ್ ಕೆಲವು ದಿನ ಓಡಿದ ಮೇಲೆ ಸ್ವಲ್ಪ ಹಿಗ್ಗುವುದು ಸಹಜ, ಆಗ ಇನ್ನೊಮ್ಮೆ ಬಿಗಿಸಿಕೊಳ್ಳಿ.

'ಟಕಟಕ' ಪಂಪಿನ ಒಳಗಿನದು. ಒಳಗೆ ವೇನ್ ಎಂಬ ತೆಳು ಪಟ್ಟಿಗಳು ಗೋಡೆಗೆ ಒತ್ತಿಕೊಂಡು ಸುತ್ತುತ್ತವೆ. ಅವುಗಳಿಗೆ ಎಣ್ಣೆಯ ಪದರ ಬೇಕು. ಸೀಮೆಎಣ್ಣೆ ಕೊಳೆಯ ಜೊತೆ ಆ ಪದರವನ್ನೂ ತೊಳೆದುಹಾಕುತ್ತದೆ. ಗೌರಿಯ ಮನೆಯಲ್ಲಿ ಆಯಿಲ್ ಡಬ್ಬಿ ತುಂಬಿತ್ತು, ಆದರೆ ತೊಟ್ಟಿಕ್ಕುವ ಸ್ಕ್ರೂ ಪೂರ್ತಿ ಮುಚ್ಚಿತ್ತು! ಡಬ್ಬಿ ತುಂಬಿದೆಯೇ ಎಂದು ನೋಡಿದರೆ ಸಾಲದು, ಹನಿ ಬೀಳುತ್ತಿದೆಯೇ ಎಂದೂ ನೋಡಿ. ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಆಯಿಲನ್ನೇ ಹಾಕಿ. ಟ್ರ್ಯಾಕ್ಟರಿನಿಂದ ಇಳಿಸಿದ ಕಪ್ಪು ಆಯಿಲ್ ಖಂಡಿತ ಬೇಡ.

ಬೆಲ್ಟ್ ಬಿಗಿಸಿ, ಸ್ಕ್ರೂ ತೆರೆದು ಮತ್ತೆ ಓಡಿಸಿದಾಗ ಎರಡು ಸದ್ದೂ ಅಡಗಿದವು. ಅಕ್ಕನ ಮುಖ ಅರಳಿತು. ನನಗೆ ಸಮಾಧಾನ ಆಗಲಿಲ್ಲ, ಏಕೆಂದರೆ ಇರಬೇಕಾದ ಒಂದು ಸದ್ದೇ ಇರಲಿಲ್ಲ. ಕ್ಲಸ್ಟರ್ ಮುಚ್ಚಿಟ್ಟು ಮೆಷಿನ್ ಓಡುವಾಗ ರೆಗ್ಯುಲೇಟರಿನಿಂದ 'ಸ್ಸ್' ಎಂದು ಗಾಳಿ ಒಳಗೆ ಹೋಗುವುದು ಕೇಳಬೇಕು. ಪಂಪ್ ಹೆಚ್ಚಾಗಿ ಎಳೆದಾಗ ವ್ಯಾಕ್ಯೂಮ್ ಹದ ಮೀರದಂತೆ ತಡೆಯುವುದು ಅದೇ. ಗೇಜಿನ ಮುಳ್ಳು 420 ಮಿ.ಮೀ. ತೋರಿಸುತ್ತಿತ್ತು. ಬಕೆಟ್ ಮೆಷಿನ್‌ಗಳಿಗೆ ಸಾಮಾನ್ಯವಾಗಿ 300ರಿಂದ 375 ಸಾಕು. ಕೆಲವು ಗೇಜುಗಳಲ್ಲಿ ಇದೇ ಲೆಕ್ಕ 40ರಿಂದ 50 ಕಿಲೋಪಾಸ್ಕಲ್ ಎಂದಿರುತ್ತದೆ. ಧೂಳು ತೆಗೆದವನು ರೆಗ್ಯುಲೇಟರನ್ನು ಮತ್ತೆ ಕೂರಿಸುವಾಗ ಅತಿಯಾಗಿ ತಿರುಗಿಸಿಬಿಟ್ಟಿದ್ದ. ಗೌರಿ ಬೆದರಿದ್ದು ಸದ್ದಿಗೆ, ತೊಟ್ಟು ಕೆಂಪಾದದ್ದು ಮಾತ್ರ ಈ ಎಳೆತಕ್ಕೆ. ಹೀಗೇ ಮುಂದುವರಿದಿದ್ದರೆ ತೊಟ್ಟಿನ ತುದಿ ಗಡುಸಾಗಿ, ರಂಧ್ರ ಸರಿಯಾಗಿ ಮುಚ್ಚಿಕೊಳ್ಳದೆ ಸೋಂಕಿಗೆ ದಾರಿ ಆಗುತ್ತಿತ್ತು.

ರೆಗ್ಯುಲೇಟರಿಗೆ ನಾನು ಕೈ ಹಾಕಲಿಲ್ಲ, ನೀವೂ ಹಾಕಬೇಡಿ. ಮೆಕ್ಯಾನಿಕನ್ನೇ ಕರೆಸಿದೆವು. ಅವನು ಬರುವವರೆಗೆ ಮೂರೂ ಹಸುಗಳನ್ನು ಕೈಯಲ್ಲೇ ಕರೆದರು. ಗೌರಿ ಮೆಷಿನ್ನಿಗೆ ಮತ್ತೆ ಒಗ್ಗಿಕೊಳ್ಳಲು ಮೂರು ದಿನ ಹಿಡಿಯಿತು.

ಬೇರೆ ಸದ್ದುಗಳೂ ಇವೆ. ಗಡಗಡ ಎಂದರೆ ಬಹುತೇಕ ಬೋಲ್ಟೋ ಜಾಲರಿಯೋ ಸಡಿಲ. ಪಂಪ್ ಗೊರಗೊರ ಎನ್ನುತ್ತಾ ಮೈ ಬಿಸಿಯೇರಿ, ಸದ್ದು ದಿನೇ ದಿನೇ ಹೆಚ್ಚುತ್ತಿದ್ದರೆ ಬೇರಿಂಗ್ ಎಂದು ಅನುಮಾನಿಸಿ, ಓಡಿಸುವುದನ್ನು ನಿಲ್ಲಿಸಿ. (ಆ ದಿನ ಬೇರಿಂಗ್ ಸದ್ದು ಹುಡುಕಲು ನನ್ನ ಸ್ಟೆತಸ್ಕೋಪನ್ನೇ ಪಂಪಿನ ಮೈಗೆ ಇಟ್ಟೆ. ನೋಡುತ್ತಿದ್ದ ಮಕ್ಕಳು ನಕ್ಕಿದ್ದೇ ನಕ್ಕಿದ್ದು.) ತ್ರೀ ಫೇಸ್ ಮೋಟರಿನ ವೈರ್ ಬಿಚ್ಚಿ ಹಾಕಿದ್ದರೆ ಅದು ಉಲ್ಟಾ ತಿರುಗುತ್ತಿರಬಹುದು. ಮುಳ್ಳು ಏರದಿದ್ದರೆ ತಕ್ಷಣ ಆಫ್ ಮಾಡಿ.

ಮುಂದಿನ ಸರ್ವೀಸಿಗೆ ಕರೆಂಟ್ ಇರುವ ಹೊತ್ತಿನಲ್ಲೇ ಮೆಕ್ಯಾನಿಕನ್ನು ಕರೆಯಿರಿ. ದುಡ್ಡು ಕೊಡುವ ಮುಂಚೆ ಹತ್ತು ನಿಮಿಷ ಓಡಿಸಿ, ಮುಳ್ಳು ಎಲ್ಲಿದೆ ನೋಡಿ. ಒಂದು ಕಪ್ಪನ್ನು ಕ್ಷಣ ತೆರೆದು ಗಾಳಿ ಬಿಟ್ಟು ಮುಚ್ಚಿ, ಇಳಿದ ಮುಳ್ಳು ಕೆಲವೇ ಸೆಕೆಂಡಿನಲ್ಲಿ ಮೊದಲ ಜಾಗಕ್ಕೆ ಬರಬೇಕು. ಮತ್ತೆ, ಮೆಷಿನ್ ಚೆನ್ನಾಗಿ ಓಡುತ್ತಿರುವ ಇವತ್ತೇ ಅದರ ಸದ್ದನ್ನು ಮೊಬೈಲಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮುಂದೆ ಅನುಮಾನ ಬಂದ ದಿನ ಎರಡನ್ನೂ ಹೋಲಿಸಿ ಕೇಳಬಹುದು, ಮೆಕ್ಯಾನಿಕ್‌ಗೂ ವಾಟ್ಸಾಪಿನಲ್ಲಿ ಕಳಿಸಬಹುದು.